ಕುಂಡಿಗೆ ಗಾಳಿ, ಮನೆಗೆ ಗ್ರಹಚಾರ

ನಮ್ಮ ಪಾಪುಗೆ ಈಗ 10 ತಿಂಗಳು. ಹೋದ ವಾರದವರೆಗೂ ಮನೇಲಿ ಡೈಪರ್ ಖಾತೆ ಪೂರ್ತಿ ಹೆಂಡ್ತಿ ಕೈಲಿತ್ತು, ನಂದೇನಿದ್ರೂ ಅವಳು ಸುತ್ತಿ ಕೊಟ್ಟ ಉಂಡೆನ ಮೂಗು ಹಿಡ್ಕೊಂಡು ಕಸದ ಡಬ್ಬಿಗೆ ಹಾಕೋ ಅಟೆಂಡರ್ ಕೆಲ್ಸ ಅಷ್ಟೇ. ಅವಳಿಗೆ ಜ್ವರ ಬಂತು ನೋಡಿ, ನೀನು ರೂಮಲ್ಲಿ ಮಲ್ಕೋ, ಮೂರು ದಿನ ಈ ಕಡೆ ತಲೆ ಹಾಕ್ಬೇಡ, ನಾನಿಲ್ವಾ ಅಂತ ಎದೆ ತಟ್ಕೊಂಡು ಹೇಳ್ಬಿಟ್ಟೆ.

ಪ್ಯಾಕೆಟ್ ಮೇಲೆ 12 ಗಂಟೆ ಅಂತ ದಪ್ಪ ಅಕ್ಷರದಲ್ಲಿ ಬರ್ದಿತ್ತು. ನಾನು ಲೆಕ್ಕದಲ್ಲಿ ಪಕ್ಕಾ ಮನುಷ್ಯ, ರಾತ್ರಿ 8ಕ್ಕೆ ಹಾಕಿದ್ದನ್ನ ಬೆಳಿಗ್ಗೆ ಸರಿಯಾಗಿ 8ಕ್ಕೆ ಬಿಚ್ದೆ. ಒಳಗೆ ಮಂಗನ ಕುಂಡಿ. ಮಧ್ಯರಾತ್ರಿ ಯಾವಾಗ್ಲೋ ಕಕ್ಕನೂ ಆಗಿ ಹಾಗೇ ಅಂಟ್ಕೊಂಡಿತ್ತು, ನಾನು ಪಕ್ಕದಲ್ಲೇ ಗೊರಕೆ ಹೊಡೀತಿದ್ದೆ.

ಗಾಬರೀಲಿ ಕೈಗೆ ಸಿಕ್ಕಿದ್ದು ಘಮಘಮ ಅನ್ನೋ ವೈಪ್ಸು. ಪಾತ್ರೆ ತಳ ಉಜ್ಜಿದ ಹಾಗೆ ಉಜ್ಜಿದೆ, ಪಾಪು ಕಿರುಚಿದ ಕಿರುಚಾಟಕ್ಕೆ ರೂಮಿಂದ ಏನ್ರೀ ಅದು ಅಂತ ಕ್ಷೀಣ ದನಿ ಬಂತು, ಏನಿಲ್ಲ ಕಣೇ ಆಟ ಆಡ್ತಿದೆ ಅಂದೆ. ಆಮೇಲೆ ಒಂದು ಹಿಡಿ ಪೌಡರ್ ಸುರಿದೆ. ಮೋಡ ಎದ್ದು ಅಪ್ಪ ಮಗು ಇಬ್ರೂ ಎರಡು ನಿಮಿಷ ಸೀನಿದ್ವಿ. ಕೆಂಪು ಹಾಗೇ ಇತ್ತು, ಮೇಲೆ ಒಂದು ಪದರ ಬಿಳಿ ಬಂದಿತ್ತು ಅಷ್ಟೇ.

ಮಕ್ಕಳ ಡಾಕ್ಟ್ರು ನನ್ನ ಕಥೆ ಪೂರ್ತಿ ಕೇಳಿ ಮೊದಲು ಪೌಡರ್‌ಗೆ ಬೈದ್ರು, ಆ ಪುಡಿ ಮಗು ಉಸಿರಾಟದ ಜೊತೆ ಒಳಗೆ ಹೋಗುತ್ತೆ ಕಣ್ರೀ ಅಂತ. ಆಮೇಲೆ ಪಾಠ. ಬರೀ ಉಚ್ಚೆ ಅಷ್ಟೇನು ತೊಂದ್ರೆ ಕೊಡಲ್ಲ, ಆದ್ರೆ ಕಕ್ಕದಲ್ಲಿ ತಿಂದಿದ್ದನ್ನ ಅರಗಿಸೋ ಎನ್‌ಜೈಮ್‌ಗಳಿರ್ತವೆ, ಉಚ್ಚೆ ಸೇರಿದ ತಕ್ಷಣ ಅವು ಚುರುಕಾಗಿ, ಮೊದಲೇ ನೆನೆದು ಮೆತ್ತಗಾಗಿರೋ ಚರ್ಮಕ್ಕೆ ಕೈ ಹಾಕ್ತವೆ, ಮೇಲಿಂದ ಡೈಪರ್ ಬೇರೆ ಉಜ್ಜುತ್ತೆ. ಉಳಿದಿದ್ದನ್ನ ನೀವು ಉಜ್ಜಿದ್ದೀರ, ಅಂದ್ರು. ನಾನು ಸೀಲಿಂಗ್ ಫ್ಯಾನ್ ನೋಡ್ದೆ.

ಬಾಯಿ ಸುಮ್ನೆ ಇರ್ಬೇಕಲ್ಲ. ನಂಗೆ ತುರಿಕೆಗೆ ಅಂತ ಕೊಟ್ಟಿದ್ದ ಟ್ಯೂಬು ಅರ್ಧ ಹಾಗೇ ಇದೆ ಸಾರ್, ಅದೇ ಹಚ್ಚಲಾ ಅಂದೆ. ಡಾಕ್ಟ್ರು ಪೆನ್ನು ಕೆಳಗಿಟ್ರು. ಅದ್ರಲ್ಲಿ ಸ್ಟೀರಾಯ್ಡ್ ಇರುತ್ತೆ, ಮಗು ಚರ್ಮ ತೆಳು, ಮೇಲೆ ಡೈಪರ್ ಮುಚ್ಚಿದ್ರೆ ಇನ್ನೂ ಜಾಸ್ತಿ ಒಳಗೆ ಹೀರುತ್ತೆ, ನಿಮ್ಮ ಟ್ಯೂಬು ನಿಮ್ಮ ತುರಿಕೆಗೇ ಇರ್ಲಿ ಅಂದ್ರು. ಆಮೇಲೆ ತೊಡೆ ಸಂದಿ ಬಿಡಿಸಿ ನೋಡಿದ್ರು. ಕೆಂಪು ಮಡಿಕೆಯೊಳಗೂ ಇಳಿದು ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕಿ ಎದ್ದಿದ್ರೆ ಅದು ಫಂಗಸ್ ಇರ್ಬಹುದು, ಅದಕ್ಕೆ ಬೇರೆ ಕ್ರೀಮು, ನಿಮ್ದು ಹಾಗಿಲ್ಲ. ಎರಡು ಮೂರು ದಿನದಲ್ಲಿ ಇಳೀದೇ ಇದ್ರೆ, ಗುಳ್ಳೆ ಕೀವು ಜ್ವರ ಏನಾದ್ರೂ ಕಂಡ್ರೆ ತಕ್ಷಣ ಬನ್ನಿ ಅಂತ ಹೇಳಿ ಜಿಂಕ್ ಆಕ್ಸೈಡ್ ಕ್ರೀಮ್ ಬರ್ಕೊಟ್ರು. ಉಗುರುಬೆಚ್ಚಗಿನ ನೀರಲ್ಲಿ ತೊಳೀಬೇಕು, ಮೆತ್ತಗಿನ ಬಟ್ಟೇಲಿ ಒತ್ತಿ ಒತ್ತಿ ಒಣಗಿಸ್ಬೇಕು, ಎರಡು ಮೂರು ಗಂಟೆಗೊಂದು ಸಲ ಬದಲಾಯಿಸ್ಬೇಕು, ಕಕ್ಕ ಆದ್ರಂತೂ ಆ ಕ್ಷಣಾನೇ. ಕ್ರೀಮು ಸವರೋದಲ್ಲ, ಮೆತ್ತಬೇಕು. ಮತ್ತೆ ದಿನಕ್ಕೆ ನಾಲ್ಕೈದು ಸಲ ಡೈಪರ್ ಇಲ್ದೆ ಸ್ವಲ್ಪ ಹೊತ್ತು ಗಾಳಿಗೆ ಬಿಡಿ.

ಎಷ್ಟು ಸುಲಭವಾಗಿ ಹೇಳ್ಬಿಟ್ರು ಮಾರಾಯ್ರೇ, ಗಾಳಿಗೆ ಬಿಡಿ!

ಮೊದಲು ಆ ಕ್ರೀಮಿನ ವಿಷ್ಯ. ಮೆತ್ತಿ ಅಂದ್ರಲ್ಲ, ಮೆತ್ತಿದೆ. ಪಾಪು ಒಂದು ಕ್ಷಣ ನಿಲ್ಲಲ್ಲ, ಹೊರಳ್ತು, ಒದೀತು, ತನ್ನ ಕೈ ಅಲ್ಲೇ ಇಟ್ಟು ಅದೇ ಕೈಯಿಂದ ನನ್ನ ಕೆನ್ನೆ ಸವರ್ತು. ಬಿಳಿ ಬೆರಳಚ್ಚು ಕಪ್ಪು ಪ್ಯಾಂಟ್ ಮೇಲೆ, ಟಿವಿ ರಿಮೋಟ್ ಮೇಲೆ, ಫ್ರಿಜ್ ಹ್ಯಾಂಡಲ್ ಮೇಲೆ, ಯಾವುದೋ ಕಳ್ಳತನದ ತನಿಖೆ ನಡೀತಿರೋ ಮನೆ ಥರ ಆಯ್ತು. ನೀರಿಗೆ ಜಗ್ಗಲ್ಲ ಅದು, ಎಣ್ಣೆ ಹಾಕಿ ಒರೆಸಿದ್ರೆ ಮಾತ್ರ ಬಿಡುತ್ತೆ ಅಂತ ನಂಗೆ ಗೊತ್ತಾಗಿದ್ದು ಮಾರನೇ ದಿನ. ಅವತ್ತು ಸಂಜೆ ವಿಡಿಯೋ ಮೀಟಿಂಗಲ್ಲಿ ಬಾಸು ಕೆನ್ನೆ ಮೇಲೆ ಏನ್ರೀ ಅದು ಅಂದ್ರೆ ಶೇವಿಂಗ್ ಫೋಮ್ ಸಾರ್ ಅಂದೆ, ಮೂರು ದಿನದ ಗಡ್ಡ ಇಟ್ಕೊಂಡು.

ಒಂದು ಸಮಾಧಾನ ಅಂದ್ರೆ ಅದನ್ನ ಪ್ರತಿ ಸಲ ಪೂರ್ತಿ ಕೆರೆದು ತೆಗೀಬಾರ್ದಂತೆ, ಗಲೀಜಾದ ಮೇಲ್ಪದರ ಮಾತ್ರ ಒರೆಸಿ ಮತ್ತೆ ಮೆತ್ತಿದ್ರೆ ಆಯ್ತು. ಸೋಮಾರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ.

ಇನ್ನು ಗಾಳಿ. ನೆಲಕ್ಕೆ ದೊಡ್ಡ ರಬ್ಬರ್ ಶೀಟ್ ಹಾಸಿ, ಮೇಲೆ ಟವೆಲ್ ಹಾಕಿ, ಮಧ್ಯದಲ್ಲಿ ಪಾಪುನ ಕೂರಿಸಿ, ಸುತ್ತ ಆಟದ ಸಾಮಾನು ಜೋಡಿಸಿ ಎಲ್ಲಾ ಪಕ್ಕಾ ಮಾಡಿದ್ದೆ. ಅದು ಶೀಟನ್ನೊಮ್ಮೆ ನೋಡ್ತು, ನನ್ನೊಮ್ಮೆ ನೋಡ್ತು, ಅಂಬೆಗಾಲಲ್ಲಿ ಸೀದಾ ಆಚೆ ಹೊರಟ್ತು. ಹಿಡ್ಕೊಂಡು ಬಂದು ಕೂರಿಸ್ದೆ, ಮತ್ತೆ ಹೊರಟ್ತು. ಸೋಫಾ ಪಕ್ಕ ಹಿಡ್ಕೊಂಡು ನಿಂತು, ನನ್ನ ಮುಖ ನೋಡಿ ನಗ್ತಾ ನಗ್ತಾ ನನ್ನ ಆಫೀಸ್ ಶೂ ಒಳಗೆ ಉಚ್ಚೆ ಹೊಯ್ತು, ಒಂದು ಹನಿ ಹೊರಗೆ ಬೀಳ್ಲಿಲ್ಲ, ಅಂಥಾ ಗುರಿ. ಎರಡನೇ ದಿನ ಇಸ್ತ್ರಿ ಮಾಡಿಟ್ಟ ಬಟ್ಟೆ ಗಂಟು, ಲ್ಯಾಪ್‌ಟಾಪ್ ಬ್ಯಾಗು. ಮೂರು ದಿನದಲ್ಲಿ ನಮ್ಮನೇಲಿ ಒಣಗಿದ್ದ ಜಾಗ ಅಂದ್ರೆ ಆ ರಬ್ಬರ್ ಶೀಟ್ ಒಂದೇ.

ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳ್ಕೊಂಡ್ರೆ, ನಿನಗೆ ಬಟ್ಟೆ ಕಟ್ತಿದ್ದೆ ಕಣೋ, ಒದ್ದೆ ಆದ ತಕ್ಷಣ ಊರು ಒಂದಾಗೋ ಹಾಗೆ ಕಿರುಚ್ತಿದ್ದೆ, ಈಗಲೂ ಅದನ್ನೇ ಮಾಡ್ತಿದೀಯ ಅಂತ ಫೋನ್ ಇಟ್ಳು.

ಆದ್ರೂ ಹೇಳ್ಬೇಕು, ಮೂರನೇ ದಿನ ಸಂಜೆಗೆ ಕೆಂಪು ಇಳಿದು ತಿಳಿ ಗುಲಾಬಿಗೆ ಬಂದಿತ್ತು, ಒರೆಸುವಾಗ ಪಾಪು ಅಳೋದು ಬಿಟ್ಟು ನನ್ನ ಮೂಗು ಹಿಡೀತಿತ್ತು. ಹೆಂಡ್ತಿಗೂ ಜ್ವರ ಬಿಟ್ಟು, ಸ್ನಾನ ಮುಗ್ಸಿ, ತಲೆ ಒರೆಸ್ಕೊಳ್ತಾ ಹೊರಗೆ ಬಂದ್ಳು. ಪಾಪುನ ಎತ್ಕೊಂಡು, ಡೈಪರ್ ಸರಿಸಿ ನೋಡಿ, ಪರ್ವಾಗಿಲ್ವೇ, ಚೆನ್ನಾಗೇ ನೋಡ್ಕೊಂಡಿದೀರ ಅಂದ್ಳು. ನಾನು ಉಬ್ಬಿ ಹೋದೆ. ಅಷ್ಟರಲ್ಲಿ ಅವಳ ಕಣ್ಣು ಬಾಲ್ಕನಿ ಕಡೆ ತಿರುಗ್ತು.

"ಅಲ್ರೀ, ನನ್ನ ದಿಂಬು ಯಾಕೆ ಹಗ್ಗದ ಮೇಲಿದೆ?"