ಬೇಡ ಅನ್ನುವ ಕೋವಿ ಮಿಸ್ತ್ರಿ

ನಮ್ಮ ಚಿಕ್ಕಪ್ಪನ ಊರು ಪಾಂಡವಪುರದ ಹತ್ತಿರ. ಅವರ ಮನೆಯಲ್ಲಿ ತಾತನ ಕಾಲದ ಜೋಡು ನಳಿಗೆ ಕೋವಿ ಒಂದಿದೆ. ಇಂಗ್ಲೆಂಡಿನ ಮಾಲು. ಲೈಸೆನ್ಸ್ ಈಗ ಚಿಕ್ಕಪ್ಪನ ಹೆಸರಿನಲ್ಲಿದೆ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಬೆದರಿಸಲು ಒಂದು ಈಡು, ಅಷ್ಟೇ ಅದರ ಕೆಲಸ. ಆಯುಧಪೂಜೆ ದಿನ ಮಾತ್ರ ಟ್ರ್ಯಾಕ್ಟರಿನ ಪಕ್ಕ ಕೂತು ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುತ್ತದೆ.

2024ರ ಲೋಕಸಭೆ ಚುನಾವಣೆಗೆ ಎಲ್ಲರ ಹಾಗೆ ಚಿಕ್ಕಪ್ಪನೂ ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದಿದ್ದರು. ವಾಪಸ್ ಸಿಕ್ಕಾಗ ನಳಿಗೆಯೊಳಗೆ ತುಕ್ಕು. ಮಡಚುವ ಜಾಗದಲ್ಲಿ ಗಡಗಡ ಬೇರೆ. ಗಡಗಡ ಮೊದಲೂ ಇತ್ತು, ತುಕ್ಕು ಹೊಸದು. ನಾನು ರಜೆಗೆ ಹೋದಾಗ ಅದನ್ನು ಮುಂದೆ ಇಟ್ಟರು. "ಅಮೇರಿಕದಲ್ಲಿ ಅಷ್ಟೊಂದು ಬಂದೂಕ ನೋಡಿದ್ದೀಯಲ್ಲ, ಇದುಕ್ಕೇನಾಗೈತೆ ನೋಡ್ಲಾ."

ನೋಡಿರುವುದು ನಿಜ. ಕೊಲೊರಾಡೊದಲ್ಲಿ 16 ವರ್ಷದಿಂದ ಇದ್ದೇನೆ. ಶಿಕಾರಿ ನನಗೆ ಒಗ್ಗಲಿಲ್ಲ. ಭಾನುವಾರ ರೇಂಜಿಗೆ ಹೋಗಿ ಕಾಗದಕ್ಕೆ ಗುರಿ ಇಟ್ಟು ಹೊಡೆಯುವುದು ಒಂದು ಚಟ. ಆ ಚಟಕ್ಕೆ ನನ್ನ ಅಳತೆಗೆ ತಕ್ಕ ರೈಫಲ್ ಮಾಡಿಸಲು ಹೋಗಿ ಒಮ್ಮೆ ಚೆನ್ನಾಗಿಯೇ ಕೈ ಸುಟ್ಟುಕೊಂಡಿದ್ದೇನೆ. ಆ ಕಥೆ ಮೊದಲು ಹೇಳಿಬಿಡುತ್ತೇನೆ.

ಅಲ್ಲಿ ಹೊಸ ಬ್ಯಾರಲ್ (ನಳಿಗೆ) ತಂದು ಗನ್‌ಸ್ಮಿತ್ (ಕೋವಿ ಮಿಸ್ತ್ರಿ) ಕೈಲಿ ಕೂರಿಸಿಕೊಳ್ಳುವುದು ಮಾಮೂಲಿ. ಬ್ಯಾರಲ್ಲಿಗೆ 400 ಡಾಲರ್ ಚಿಲ್ಲರೆ, ಕೂರಿಸಲು ಸುಮಾರು ಅಷ್ಟೇ. ನಾನು ಹಿಡಿದವನ ಅಂಗಡಿ ಆಸ್ಪತ್ರೆ ಹಾಗೆ ಸ್ವಚ್ಛ. ಗೋಡೆ ತುಂಬ ಸರ್ಟಿಫಿಕೇಟು. ಮುಂಗಡ ಕೊಟ್ಟೆ. ಐದು ತಿಂಗಳು ಅಂದವನು 14 ತಿಂಗಳಿಗೆ ಕೊಟ್ಟ. ಹತ್ತಿಪ್ಪತ್ತು ಗುಂಡು ಹೊಡೆದ ಮೇಲೆ ಖಾಲಿ ತೋಟಾ (ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೊಳವೆ) ನೋಡಿದರೆ ಬುಡದ ಹತ್ತಿರ ಹೊಳೆಯುವ ಒಂದು ಉಂಗುರ. ಹಿತ್ತಾಳೆ ಎಳೆದುಕೊಂಡು ತೆಳ್ಳಗಾಗುತ್ತಿದೆ ಅಂತ ಅರ್ಥ. ಇನ್ನೂ ಹಾಗೇ ಹೊಡೆದರೆ ಬಿರಿಯುತ್ತದೆ.

ಈ ತಪ್ಪು ಪತ್ತೆ ಹಚ್ಚಲು ಅಳತೆಯ ಎರಡು ಉಕ್ಕಿನ ತುಂಡುಗಳಿವೆ. ಒಂದು ಗೋ ಗೇಜ್, ಇನ್ನೊಂದು ನೋ-ಗೋ ಗೇಜ್. ಮೊದಲನೆಯದನ್ನು ತೋಟಾ ಕೂರುವ ಜಾಗದಲ್ಲಿ ಇಟ್ಟರೆ ಬೋಲ್ಟ್ (ನಳಿಗೆಯ ಹಿಂಬದಿಯ ಅಗುಳಿ) ಮುಚ್ಚಬೇಕು. ಎರಡನೆಯದನ್ನು ಇಟ್ಟರೆ ಮುಚ್ಚಬಾರದು. ಎರಡಕ್ಕೂ ಇರುವ ವ್ಯತ್ಯಾಸ ಒಂದು ತಲೆಗೂದಲಿನಷ್ಟು. ನನ್ನ ರೈಫಲ್ಲಿನಲ್ಲಿ ನೋ-ಗೋ ಇಟ್ಟರೂ ಬೋಲ್ಟ್ ಹಾಯಾಗಿ ಮುಚ್ಚಿತು. ಆಸಾಮಿ ತೋಟಾ ಕೂರುವ ಜಾಗವನ್ನು ಆಳ ಜಾಸ್ತಿ ಕೊರೆದಿದ್ದ. ಫೋನ್ ಮಾಡಿದರೆ ನಿನ್ನ ತೋಟಾ ಸರಿ ಇಲ್ಲ ಅಂದ.

ಎರಡನೆಯವನ ಅಂಗಡಿ ಒಂದು ಗ್ಯಾರೇಜ್. ಕೊಲೊರಾಡೊದ ಟ್ರಿನಿಡಾಡ್ ಅನ್ನುವ ಊರಿನ ಕಾಲೇಜಿನಲ್ಲಿ 1947ರಿಂದ ಕೋವಿ ಕೆಲಸವನ್ನೇ ಪಾಠವಾಗಿ ಕಲಿಸುತ್ತಾರೆ, ಇವನು ಅಲ್ಲಿ ಕಲಿತವನು. ಅದನ್ನು ನಾನೇ ಕೇಳಿ ತಿಳಿದುಕೊಳ್ಳಬೇಕಾಯಿತು. ರೈಫಲ್ ಮುಟ್ಟುವ ಮೊದಲು ಖಾಲಿ ತೋಟಾ ತಂದಿದ್ದೀಯಾ ಅಂತ ಕೇಳಿದ. ನಾನು ಬೇಕು ಅಂದಿದ್ದ ನಾಲ್ಕು ಕೆಲಸಗಳಲ್ಲಿ ಮೂರನ್ನು ಬೇಡ ಅಂದ. ಆ ದುಡ್ಡಿಗೆ ಗುಂಡು ಕೊಂಡು ಅಭ್ಯಾಸ ಮಾಡು ಅಂದ. ಕೆಲಸ ಮುಗಿದ ಮೇಲೆ ಅಳತೆ ಬರೆದ ಚೀಟಿ, ಜೊತೆಗೆ ನನ್ನ ಹಳೆ ಬ್ಯಾರಲ್ಲು ಎರಡನ್ನೂ ಕೈಗಿಟ್ಟ.

ಈ ಅನುಭವ ತಲೆಯಲ್ಲಿಟ್ಟುಕೊಂಡೇ ಚಿಕ್ಕಪ್ಪನ ಜೊತೆ ಮೈಸೂರಿಗೆ ಹೋದೆ. ಹಳೇ ಪೇಟೆಯಲ್ಲಿ ಒಂದು ಅಂಗಡಿ. ಮಿಸ್ತ್ರಿಗೆ ಎಪ್ಪತ್ತು ದಾಟಿದೆ. "ಪುಸ್ತಕ ಕೊಡಿ" ಅನ್ನುವುದೇ ಅವರ ಮೊದಲ ಮಾತು. ಲೈಸೆನ್ಸ್ ಪುಸ್ತಕದ ನಂಬರ್, ಕೋವಿ ಮೇಲಿನ ನಂಬರ್ ಎರಡನ್ನೂ ಕನ್ನಡಕ ಏರಿಸಿ ಹೋಲಿಸಿ ನೋಡಿ, ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡರು. ಆಮೇಲೇ ಕೋವಿ ಮುಟ್ಟಿದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮಾರುವುದಕ್ಕಷ್ಟೇ ಅಲ್ಲ, ರಿಪೇರಿಗೂ ಲೈಸೆನ್ಸ್ ಬೇಕು. ಅಮೇರಿಕದಲ್ಲೂ ಕೋವಿ ಒಂದು ರಾತ್ರಿ ಅಂಗಡಿಯಲ್ಲಿ ಉಳಿದರೆ ಪುಸ್ತಕದಲ್ಲಿ ಬರೆಯಲೇಬೇಕು. ಅಲ್ಲಿ ಏನು ಬೇಕಾದರೂ ನಡೆಯುತ್ತದೆ ಅಂತ ನಮ್ಮವರು ಅಂದುಕೊಂಡಿರುತ್ತಾರೆ, ಸುಮ್ನೆ. ರೈಫಲ್ ನಳಿಗೆಯನ್ನು 16 ಇಂಚಿಗಿಂತ, ಶಾಟ್‌ಗನ್ ನಳಿಗೆಯನ್ನು 18 ಇಂಚಿಗಿಂತ ಗಿಡ್ಡ ಮಾಡಬೇಕಾದರೆ ಅಲ್ಲೂ ಮೊದಲೇ ಅನುಮತಿ ಬೇಕು. ಇಲ್ಲಂತೂ ನಳಿಗೆ ಕತ್ತರಿಸುವ ಮಾತೇ ಎತ್ತುವಂತಿಲ್ಲ. ಪುಸ್ತಕ ಇಲ್ಲದಿದ್ದರೂ ತನ್ನಿ, ಮಾಡಿಕೊಡೋಣ ಅನ್ನುವವನು ಎಷ್ಟೇ ಕುಶಲಿಯಾಗಿರಲಿ, ಅವನ ಅಂಗಡಿಯಿಂದ ಎದ್ದು ಬರಬೇಕು.

ಆಮೇಲೆ ಅವರು ಮಾಡಿದ್ದನ್ನು ಕಣ್ಣು ಮಿಟುಕಿಸದೆ ನೋಡಿದೆ. ಕೋವಿ ಬಿಚ್ಚಿ ನಳಿಗೆಗಳನ್ನು ಬೇರೆ ಮಾಡಿದರು. ಕೊಕ್ಕೆಗೆ ದಾರ ಕಟ್ಟಿ ಗಾಳಿಯಲ್ಲಿ ತೂಗುಹಾಕಿದರು. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಗಂಟೆ ಹಾಗೆ ಕಿಣಿ ಅನ್ನಬೇಕು. ಎರಡು ನಳಿಗೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದ್ದರೆ ಒಡೆದ ಮಡಕೆ ಸದ್ದು ಬರುತ್ತದೆ. ನಮ್ಮದು ಕಿಣಿ ಅಂತು. ಚಿಕ್ಕಪ್ಪನ ಮುಖ ಅರಳಿತು.

ಮಿಸ್ತ್ರಿ ಮುಖ ಅರಳಲಿಲ್ಲ. ಕೋವಿಯ ಮುಂದಿನ ಮರದ ಹಿಡಿ ಕೆಳಗೆ ಅಡಗಿದ್ದ ನಳಿಗೆ ಭಾಗವನ್ನು ಸೀಮೆಎಣ್ಣೆಯಲ್ಲಿ ಒರೆಸಿ ನನ್ನನ್ನು ಕರೆದರು. ಕಬ್ಬಿಣದ ಮೇಲೆ ನೀರಿನ ಸುಳಿ ಹಾಗೆ ಸಣ್ಣ ಸಣ್ಣ ಗೆರೆ. ಡಮಾಸ್ಕಸ್ ನಳಿಗೆ! ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹಗ್ಗ ಹೊಸೆದ ಹಾಗೆ ಹೊಸೆದು, ಸುತ್ತಿ, ಬಡಿದು ಮಾಡಿದ್ದು. ಕಪ್ಪು ಮದ್ದಿನ ಕಾಲದ ಕೆಲಸ. ಹೊಗೆಯಿಲ್ಲದ ಈಗಿನ ಮದ್ದಿನ ಒತ್ತಡಕ್ಕೆ ಇಂಥ ಹಳೇ ನಳಿಗೆಯನ್ನು ನಂಬುವ ಹಾಗಿಲ್ಲ. ಆಮೇಲೆ ಒಂದು ಹಿತ್ತಾಳೆ ಕಡ್ಡಿ ತೆಗೆದರು. ತಾವೇ ಕಡೆದದ್ದು, ಮೇಲೆ ಎರಡು ಗೆರೆ. ತೋಟಾ ಕೂರುವ ಜಾಗಕ್ಕೆ ಇಳಿಸಿದರೆ ಅದು ಮೊದಲ ಗೆರೆಗೇ ನಿಂತಿತು. ಅಂದರೆ ಈ ಕೋವಿ 65 ಮಿಲಿಮೀಟರ್ ಉದ್ದದ ತೋಟಾಗೆ ಮಾಡಿದ್ದು. ಚಿಕ್ಕಪ್ಪ ಇಷ್ಟು ವರ್ಷ ಹಾಕುತ್ತಿದ್ದದ್ದು 70ರದ್ದು.

"ಇಷ್ಟು ವರ್ಸ ಏನೂ ಆಗ್ಲಿಲ್ವಲ್ಲ ಮೇಸ್ತ್ರಿ?"

"ಆಗೋದು ಒಂದೇ ಸಲ ಗೌಡ್ರೇ."

ತುಕ್ಕು ತೆಗೆಯಿರಿ, ಗಡಗಡ ಬಿಗಿ ಮಾಡಿ, ಎಷ್ಟಾದರೂ ಕೊಡುತ್ತೇವೆ ಅಂದೆವು. ಬೇಡ ಅಂದರು. ಬಿಗಿ ಮಾಡಿಕೊಟ್ಟರೆ ನೀವು ಧೈರ್ಯ ಬಂದು ಮತ್ತೆ ಹೊಡೆಯುತ್ತೀರಿ, ನಳಿಗೆ ಹಿಡಿಯುವುದು ಎಡಗೈಯಲ್ಲಿ ಅಲ್ವಾ, ಅಂದರು. ಎಣ್ಣೆ ಸವರಿ ಜೋಡಿಸಿ 300 ರೂಪಾಯಿ ತೆಗೆದುಕೊಂಡರು.

ಕೊಲೊರಾಡೊದವನೂ ಬೇಡ ಅಂದ, ಇವರೂ ಬೇಡ ಅಂದರು. ಆದರೆ ಎರಡೂ ಒಂದೇ ಅಲ್ಲ. ಅಲ್ಲಿ ಬ್ಯಾರಲ್ ಅನ್ನುವುದು ಟೈರ್ ಇದ್ದ ಹಾಗೆ. ನನ್ನದು ಎರಡು ಮೂರು ಸಾವಿರ ಗುಂಡಿಗೆ ಸವೆದುಹೋಗುತ್ತದೆ, ಬಿಚ್ಚಿ ಹೊಸದು ಹಾಕಿಸುವುದೇ. ಹಾಗಾಗಿ ಅಲ್ಲಿಯ ಮೋಸ ಅಂದರೆ ಬೇಡದ ಹೊಸದನ್ನು ತಲೆಗೆ ಕಟ್ಟುವುದು. ಇಲ್ಲಿ ನಳಿಗೆ ಮನೆ ಆಸ್ತಿ. ಪುಸ್ತಕದಲ್ಲಿ ನಂಬರ್ ಸಮೇತ ಕೂತಿದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರಿತ್ತು. ಇನ್ನೊಂದು ತರುವುದು ಸುಲಭವಲ್ಲ. ಹಾಗಾಗಿ ಇಲ್ಲಿಯ ಮೋಸ ಅಂದರೆ ಮುಗಿದುಹೋದ ಹಳೆಯದಕ್ಕೆ ಪಾಲಿಶ್ ಹೊಡೆದು ಚೆನ್ನಾಗಿದೆ ಅನ್ನುವುದು. ಅಲ್ಲಿಂದ ಬಂದ ನನ್ನಂಥವನು ಬಿಲ್ಲು, ಗ್ಯಾರಂಟಿ ಅಂತ ಹುಡುಕುತ್ತಾ ಕೂತರೆ ಇಲ್ಲಿಯ ಮೋಸ ಕಣ್ಣಿಗೇ ಬೀಳುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಮಿಸ್ತ್ರಿ ಮೇಲೆ ನನಗೆ ತಕರಾರಿದೆ. ನೀವು ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಡಿ ಅಂದೆ. "ಬರೆಯೋದೆಲ್ಲ ಯಾಕೆ, ಹೇಳಿದೆನಲ್ಲ" ಅಂದರು. ಚಿಕ್ಕಪ್ಪನಿಗೆ ಆ ಮಾತೇ ಸಾಕು, ಅವರದು 30 ವರ್ಷದ ಪರಿಚಯ. ನಾಳೆ ಆ ಕೋವಿ ಹಿಡಿಯುವುದು ಚಿಕ್ಕಪ್ಪನ ಮಗ. ಅವನು ಮಿಸ್ತ್ರಿ ಮುಖ ನೋಡಿಲ್ಲ. ಅವನಿಗೆ ಯಾರು ಹೇಳಬೇಕು? ಬಾಯಿಮಾತಿನ ಪ್ರಾಮಾಣಿಕತೆ ಆ ಇಬ್ಬರ ನಡುವೆಯೇ ಮುಗಿದುಹೋಗುತ್ತದೆ. ಕೊಲೊರಾಡೊದವನ ಚೀಟಿ ನಾನು ರೈಫಲ್ ಮಾರಿದರೂ ಅದರ ಜೊತೆ ಹೋಗುತ್ತದೆ.

ಬರೆಯುವುದು ನಮ್ಮ ಕಡೆಯ ಅಭ್ಯಾಸ ಅಲ್ಲ ಅನ್ನಬೇಡಿ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಮಾಡಿದ ಕೋವಿಗಳು ಈಗ ಹೊರದೇಶದ ಮ್ಯೂಸಿಯಮ್ಮುಗಳಲ್ಲಿವೆ. ಎಷ್ಟೋ ಕೋವಿಗಳ ಮೇಲೆ ಮಾಡಿದವನ ಹೆಸರು, ಊರು, ವರ್ಷ ಎಲ್ಲ ಕೆತ್ತಿದೆ. ಮೈಸೂರಿನಿಂದ ವಾಪಸ್ ಬರುವಾಗ ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಅವರು, ರೈಲ್ವೆಯವರು 2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು ಹಾಗ್‌ಹಾಗೇ ಎತ್ತಿ ಪಕ್ಕಕ್ಕೆ ಸರಿಸಿದ ಕಥೆ ಶುರು ಮಾಡಿದರು. ನನ್ನ ಮಾತು ಅಲ್ಲಿಗೇ ನಿಂತಿತು.

ಹೊರಡುವ ಮುಂಚೆ ಒಂದು ರಟ್ಟಿನ ಮೇಲೆ ನಾನೇ ಬರೆದೆ: ಡಮಾಸ್ಕಸ್ ನಳಿಗೆ, 65 ಮಿಲಿಮೀಟರ್, ತೋಟಾ ಹಾಕಬೇಡಿ. ತಾರೀಖು ಹಾಕಿ ಕೋವಿ ಚೀಲದೊಳಗೆ ಇಟ್ಟೆ. ಹೋದ ವಾರ ಚಿಕ್ಕಪ್ಪ ಫೋನ್ ಮಾಡಿದ್ದರು. ಮತ್ತೆ ಹಂದಿ ಬಂದಿದ್ದವಂತೆ. ಏನು ಮಾಡಿದಿರಿ ಅಂದೆ. "ತಗಡಿನ ಡಬ್ಬ ಬಡ್ದೆ ಕಣ್ಲಾ, ಇನ್ನೇನ್ಮಾಡ್ಲಿ. ನಿನ್ ರಟ್ಟು ಅಲ್ಲೇ ಐತಲ್ಲ."