ಪ್ರಿಂಟ್ ಇರಲಿ ಬಿಡ ಮಾರಾಯ

ಇವತ್ತು ಸಂಜೆ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು. ಮುಂದಿನ ಸೀಟಿನಲ್ಲಿ ಇಬ್ಬರು ಇಂಜಿನಿಯರಿಂಗ್ ಹುಡುಗರು, ಒಬ್ಬನ ತೊಡೆಯ ಮೇಲೆ ಲ್ಯಾಪ್‌ಟಾಪ್. ಸಿ ಭಾಷೆಯ ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ‘ನೋಡ್’ಗಳ ಸಾಲು) ಪ್ರೋಗ್ರಾಂ, ರನ್ ಮಾಡಿದರೆ ‘ಸೆಗ್ಮೆಂಟೇಶನ್ ಫಾಲ್ಟ್’, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಕ್ರ್ಯಾಶ್. ಇಣುಕುವುದು ಮರ್ಯಾದೆಯಲ್ಲ, ಗೊತ್ತುಂಟು. ಆದರೆ ಸುರತ್ಕಲ್ ದಾಟುವಾಗ ನಾಲ್ಕಿದ್ದ ಪ್ರಿಂಟ್‌ಎಫ್ (ಪರದೆಗೆ ಸಂದೇಶ ಬರೆಯುವ ಸಾಲು) ಮೂಲ್ಕಿಯಲ್ಲಿ ಎಂಟಾಗಿ ಪಡುಬಿದ್ರಿಯಲ್ಲಿ ಹನ್ನೊಂದಾದರೆ ಕಣ್ಣು ಮುಚ್ಚಿ ಕೂರುವುದು ಹೇಗೆ? ‘ಬಂದೆ 1’, ‘ಬಂದೆ 2’, ‘ಇಲ್ಲಿಗೂ ಬಂದೆ’. ಹನ್ನೊಂದನೆಯದು ಬಿದ್ದದ್ದೇ ಕ್ರ್ಯಾಶ್ ಮಾಯ! ಅದನ್ನು ತೆಗೆದರೆ ಮತ್ತೆ ಹಾಜರ್. ಪಕ್ಕದವನ ತೀರ್ಪು: “ಪ್ರಿಂಟ್ ಇರಲಿ ಬಿಡ ಮಾರಾಯ, ವರ್ಕ್ ಆಗ್ತದಲ್ಲ.”

ವರ್ಕ್ ಆಗ್ತದಂತೆ!

ತಪ್ಪು ಇದ್ದದ್ದು ಡಿಲೀಟ್ ಫಂಕ್ಷನ್ನಿನಲ್ಲಿ. ‘ಪ್ರೆವ್’ ಎಂಬ ಪಾಯಿಂಟರ್ (ಹಿಂದಿನ ನೋಡಿನ ವಿಳಾಸ ಇಡುವ ವೇರಿಯಬಲ್) ಉಂಟು, ಅದಕ್ಕೆ ಆರಂಭದ ಬೆಲೆ ಕೊಟ್ಟಿಲ್ಲ. ಎರಡನೆಯದೋ ಮೂರನೆಯದೋ ನೋಡ್ ಅಳಿಸುವಾಗ ಲೂಪ್ ತಿರುಗಿ ಪ್ರೆವ್‌ಗೆ ಸರಿಯಾದ ವಿಳಾಸ ಸಿಗುತ್ತದೆ. ಮೊದಲ ನೋಡನ್ನೇ ಅಳಿಸಿದರೆ ಲೂಪಿನ ಒಳಗೆ ಹೋಗುವುದೇ ಇಲ್ಲ, ಪ್ರೆವ್‌ನಲ್ಲಿ ಸ್ಟ್ಯಾಕಿನ (ಫಂಕ್ಷನ್ನುಗಳು ತಾತ್ಕಾಲಿಕವಾಗಿ ಬಳಸುವ ಮೆಮೊರಿಯ) ಹಳೆ ಕಸವೇ ಉಳಿಯುತ್ತದೆ. ಆ ಕಸವನ್ನು ವಿಳಾಸವೆಂದು ನಂಬಿ ಬರೆಯಲು ಹೋಗಿ ಪ್ರೋಗ್ರಾಂ ಬೀಳುತ್ತದೆ. ಡಿಲೀಟ್ ಕರೆಯುವ ಮೊದಲು ಒಂದು ಪ್ರಿಂಟ್‌ಎಫ್ ಹಾಕಿ ನೋಡಿ: ಅದು ಅದೇ ಸ್ಟ್ಯಾಕಿನ ಜಾಗದಲ್ಲಿ ಓಡಾಡಿ ತನ್ನ ಕಸ ಬಿಟ್ಟು ಹೋಗುತ್ತದೆ. ಆ ಕಸ ಅಪ್ಪಿತಪ್ಪಿ ಬರೆಯಬಹುದಾದ ವಿಳಾಸವಾಗಿದ್ದರೆ ಕ್ರ್ಯಾಶ್ ಇಲ್ಲ. ತಪ್ಪು ಎಲ್ಲಿಗೂ ಹೋಗಿಲ್ಲ, ಸದ್ದಿಲ್ಲದೆ ಇನ್ನೆಲ್ಲಿಗೋ ಬರೆದು ಬಂತು, ಅಷ್ಟೆ.

ಇದಕ್ಕೆ ಡಿಬಗ್ಗರ್ (ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ) ಎಷ್ಟು ಹೊತ್ತು ಕೇಳುತ್ತಿತ್ತು? ಜಿಸಿಸಿ ಎಂಬ ಕಂಪೈಲರಿನಲ್ಲಿ ಕಂಪೈಲ್ ಮಾಡುವಾಗ ‘-ಜಿ’, ‘-ಓ0’, ‘-ವಾಲ್’ ಮೂರನ್ನೂ ಸೇರಿಸಿ. ಮೊದಲನೆಯದಿಲ್ಲದಿದ್ದರೆ ಜಿಡಿಬಿ ಎಂಬ ಡಿಬಗ್ಗರಿಗೆ ಸಾಲಿನ ಸಂಖ್ಯೆ ಗೊತ್ತಾಗುವುದಿಲ್ಲ. ಎರಡನೆಯದನ್ನು ಬಿಟ್ಟು ಆಪ್ಟಿಮೈಸೇಶನ್ (ವೇಗಕ್ಕಾಗಿ ಕಂಪೈಲರ್ ಕೋಡನ್ನು ಮಾರ್ಪಡಿಸುವುದು) ಹಾಕಿದರೆ ‘ನೆಕ್ಸ್ಟ್’ (ಮುಂದಿನ ಸಾಲು) ಕೊಟ್ಟಾಗ ಸಾಲು ಹಿಂದೆ ಮುಂದೆ ಹಾರುತ್ತದೆ, ವೇರಿಯಬಲ್ ಕೇಳಿದರೆ ‘ಆಪ್ಟಿಮೈಸ್ಡ್ ಔಟ್’ ಎಂಬ ಉತ್ತರ ಬರುತ್ತದೆ. ಮೂರನೆಯದು ಅನುಮಾನದ ಸಾಲುಗಳಿಗೆ ಎಚ್ಚರಿಕೆ ಕೊಡುತ್ತದೆ. ಆಮೇಲೆ ಜಿಡಿಬಿಯಲ್ಲಿ ‘ರನ್’. ಬಿದ್ದ ಜಾಗದಲ್ಲಿ ಅದೇ ನಿಂತುಕೊಳ್ಳುತ್ತದೆ. ‘ಬಿಟಿ’ ಎಂದರೆ ಯಾರು ಯಾರನ್ನು ಕರೆದು ಇಲ್ಲಿಗೆ ಬಂದರು ಎಂಬ ಸರಪಳಿ, 0 ನಂಬರಿನದು ಈಗ ಇರುವ ಜಾಗ. ಮೇಲಿನ ಒಂದೆರಡು ಸ್ಟ್ರ್‌ಲೆನ್, ಸ್ಟ್ರ್‌ಕಾಪಿ ಅಂತ ಲೈಬ್ರರಿಯವಾಗಿದ್ದರೆ ಅಲ್ಲಿ ಮಂಡೆಬಿಸಿ ಬೇಡ. ನಿಮ್ಮ ಫೈಲಿನ ಹೆಸರು ಸಿಗುವವರೆಗೆ ‘ಅಪ್’ ಕೊಡುತ್ತಾ ಹೋಗಿ, ಅಲ್ಲಿ ‘ಇನ್ಫೋ ಲೋಕಲ್ಸ್’ ಎಂದರೆ ಆ ಫಂಕ್ಷನ್ನಿನ ವೇರಿಯಬಲ್ಲುಗಳ ಬೆಲೆ ಕಾಣುತ್ತದೆ. 64 ಬಿಟ್ ಲಿನಕ್ಸಿನಲ್ಲಿ, ಜಿಡಿಬಿಯ ಒಳಗೆ, ಮ್ಯಾಲಕ್ (ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಕೊಟ್ಟ ಚಿಕ್ಕ ತುಂಡುಗಳ ವಿಳಾಸ ಸಾಮಾನ್ಯವಾಗಿ 5555ರಿಂದ ಶುರುವಾಗುತ್ತದೆ. ಉಳಿದ ನೋಡುಗಳೆಲ್ಲ ಹಾಗಿದ್ದು ಪ್ರೆವ್ ಮಾತ್ರ 0 ಅಥವಾ ಸಂಬಂಧವಿಲ್ಲದ ಯಾವುದೋ ಸಂಖ್ಯೆ ತೋರಿಸಿದರೆ ಕಳ್ಳ ಸಿಕ್ಕಿದ. ಪಾಯಿಂಟರಿನಲ್ಲಿ 41414141 ಕಂಡರೆ ಕಥೆ ಬೇರೆ: 41 ಎಂದರೆ ದೊಡ್ಡ ‘ಎ’ ಅಕ್ಷರದ ಹೆಕ್ಸ್ ಸಂಖ್ಯೆ, ಯಾವುದೋ ಸ್ಟ್ರಿಂಗ್ ತನ್ನ ಅರೇ ದಾಟಿ ಉಕ್ಕಿದೆ.

ಇಷ್ಟೂ ಟೈಪ್ ಮಾಡಲು ಮೂಲ್ಕಿಯಿಂದ ಪಡುಬಿದ್ರಿವರೆಗಿನ ಹೊತ್ತೂ ಬೇಡ. ಹೇಳಿಕೊಟ್ಟವರು ಯಾರು? ಲ್ಯಾಬಿನಲ್ಲಿ ಔಟ್‌ಪುಟ್ ಬಂದರೆ ಮಾರ್ಕು, ರೆಕಾರ್ಡ್ ಪುಸ್ತಕ ಚಂದ ಬರೆದರೆ ಮಾರ್ಕು. ತಪ್ಪು ಹುಡುಕಿದ್ದಕ್ಕೆ ಸೊನ್ನೆ.

“ದೊಡ್ಡ ದೊಡ್ಡ ಪ್ರೋಗ್ರಾಮರುಗಳೂ ಪ್ರಿಂಟ್ ಹಾಕುತ್ತಾರಲ್ಲ” ಎಂದು ಕಮೆಂಟಿನಲ್ಲಿ ಯಾರಾದರೂ ಬರುತ್ತೀರಿ, ಗೊತ್ತು. ಹಾಕುತ್ತಾರೆ. ಎರಡು ಥ್ರೆಡ್ (ಒಂದೇ ಪ್ರೋಗ್ರಾಮಿನಲ್ಲಿ ಒಟ್ಟಿಗೆ ಓಡುವ ಎಳೆಗಳು) ಕಚ್ಚಾಡುವಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ನಿಲ್ಲಿಸಿದರೆ ಜಗಳವೇ ನಿಂತುಹೋಗುತ್ತದೆ, ಅಲ್ಲಿ ಲಾಗ್ ಬೇಕೇ ಬೇಕು. ಆದರೆ ಅವರಿಗೆ ಪ್ರಿಂಟ್ ಯಾವಾಗ ಸುಳ್ಳು ಹೇಳುತ್ತದೆ ಎಂಬುದೂ ಗೊತ್ತು. ಟರ್ಮಿನಲ್ಲಿನಲ್ಲಿ ಪ್ರಿಂಟ್‌ಎಫ್ ಬರೆದದ್ದು ಸಾಮಾನ್ಯವಾಗಿ ಹೊಸ ಸಾಲಿನ ಗುರುತು ಬರುವ ತನಕ ಬಫರಿನಲ್ಲಿ ಕಾಯುತ್ತದೆ, ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದರೆ ಬಫರ್ ತುಂಬುವ ತನಕ. ಅಷ್ಟರಲ್ಲಿ ಕ್ರ್ಯಾಶ್ ಆದರೆ ಕಾಯುತ್ತಿದ್ದದ್ದೆಲ್ಲ ನೀರುಪಾಲು. ‘ಬಂದೆ 4’ ಕಾಣಲಿಲ್ಲವಾದ್ದರಿಂದ ತಪ್ಪು ಅದಕ್ಕಿಂತ ಮೊದಲೇ ಉಂಟು ಎಂದು ಎರಡು ಗಂಟೆ ಬೇರೆ ಫಂಕ್ಷನ್ ಕೆದಕುತ್ತೀರಿ. ಪ್ರಿಂಟೇ ಬೇಕೆಂಬ ಹಟವಿದ್ದರೆ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯಿರಿ, ಅಲ್ಲಿ ಕಾಯುವ ತಕರಾರಿಲ್ಲ.

ಬಿದ್ದ ಸಾಲೇ ತಪ್ಪಿನ ಸಾಲು ಎಂದುಕೊಳ್ಳುವುದು ಇನ್ನೊಂದು ರೋಗ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಆಟಿ ತಿಂಗಳ ಮಳೆಗೆ ನೀರು ತೊಟ್ಟಿಕ್ಕುವುದು ಚಾವಡಿಯಲ್ಲಿ, ಒಡೆದ ಹಂಚು ಇರುವುದು ನಾಲ್ಕು ಅಡಿ ಮೇಲೆ. ಪಕ್ಕಾಸು (ಮಾಡಿನ ಮರದ ಪಟ್ಟಿ) ಹಿಡಿದು ಜಾರಿ ಬಂದ ನೀರಿಗೆ ಕೆಳಗೆ ಬಾಲ್ದಿ ಇಟ್ಟರೆ ಹಂಚು ಸರಿಯಾಗುತ್ತದಾ? ಪ್ರಿಂಟ್ ಬಿಟ್ಟುಕೊಂಡು ಸಬ್ಮಿಟ್ ಮಾಡುವುದೂ ಅದೇ ಬಾಲ್ದಿ. ಜಿಡಿಬಿಯಲ್ಲಿ ‘ವಾಚ್’ ಎಂದು ಒಂದು ವೇರಿಯಬಲ್ಲಿನ ಮೇಲೆ ಕಾವಲು ಕೂರಿಸಬಹುದು. ಅದರ ಬೆಲೆ ಬದಲಾದ ಕ್ಷಣ ಹಳೆಯದು ಇಷ್ಟು, ಹೊಸದು ಇಷ್ಟು ಎಂದು ತೋರಿಸಿ ನಿಲ್ಲುತ್ತದೆ. ಸಾವಿರ ಸಲ ತಿರುಗುವ ಲೂಪಿನಲ್ಲಿ ಐ 999 ಆಗುವ ಸುತ್ತು ಮಾತ್ರ ಬೇಕೆಂದರೆ ‘ಬ್ರೇಕ್ 42 ಇಫ್ ಐ == 999’ (42 ಎಂದರೆ ನಿಲ್ಲಬೇಕಾದ ಸಾಲಿನ ಸಂಖ್ಯೆ). ಸಾವಿರ ಸಲ ಎಂಟರ್ ಒತ್ತುವವರನ್ನು ಈ ಕಣ್ಣಿಂದ ನೋಡಿದ್ದೇನೆ, ಪಾಪ.

ಈ ಹುಡುಗನ ಕೇಸಿಗೆ ವಾಲ್‌ಗ್ರಿಂಡ್ ಎಂಬ ಮೆಮೊರಿ ತಪಾಸಣೆಯ ಸಾಧನ ಕೂಡ ಆಗುತ್ತಿತ್ತು. ಪ್ರೋಗ್ರಾಂ ಹತ್ತಾರು ಪಟ್ಟು ನಿಧಾನವಾಗುತ್ತದೆ, ಆದರೆ ಬೆಲೆ ಕೊಡದ ವೇರಿಯಬಲ್ ಬಳಸಿದರೆ ಹೇಳುತ್ತದೆ. ‘ಟ್ರ್ಯಾಕ್-ಒರಿಜಿನ್ಸ್’ ಹಾಕಿದರೆ ಆ ಕಸ ಹುಟ್ಟಿದ ಫಂಕ್ಷನ್ನನ್ನೂ ತೋರಿಸುತ್ತದೆ. ಕಂಪೈಲರಿನ ಜೊತೆಗೇ ಬರುವ ಅಡ್ರೆಸ್ ಸ್ಯಾನಿಟೈಸರ್ ಬಹಳ ವೇಗ, ಮೆಮೊರಿಯನ್ನು ಫ್ರೀ ಮಾಡಿದ (ಹಿಂದಿರುಗಿಸಿದ) ಮೇಲೆ ಮುಟ್ಟಿದರೆ, ಅರೇ ದಾಟಿದರೆ ಅಲ್ಲೇ ಹಿಡಿಯುತ್ತದೆ. ಬೆಲೆ ಕೊಡದ್ದನ್ನು ಹಿಡಿಯುವುದು ಮಾತ್ರ ಅದರ ಕೆಲಸವಲ್ಲ. ಯಾವ ರೋಗಕ್ಕೆ ಯಾವ ಮದ್ದು ಎಂಬ ಈ ಅರ್ಧ ಪುಟ ಯಾವ ಲ್ಯಾಬ್ ಮ್ಯಾನ್ಯುವಲ್ಲಿನಲ್ಲಿದ್ದರೂ ತೋರಿಸಿ, ನನ್ನ ಲೆಕ್ಕದಲ್ಲಿ ಗಡ್‌ಬಡ್ ಐಸ್‌ಕ್ರೀಂ.

ಎಐಗೆ ಕೋಡ್ ಅಂಟಿಸಿದರೆ ಆಯ್ತಲ್ಲ ಎನ್ನುವವರೇ, ಅಂಟಿಸಿ. “ಪ್ರೆವ್‌ಗೆ ಮೊದಲು ನಲ್ (ಎಲ್ಲಿಗೂ ತೋರಿಸದ ಖಾಲಿ ವಿಳಾಸ) ಕೊಡು, ಆಮೇಲೂ ನಲ್ ಆಗಿದ್ದರೆ ರಿಟರ್ನ್” ಎಂಬ ಎರಡು ಸಾಲು ಬಂದರೆ ಕ್ರ್ಯಾಶ್ ನಿಲ್ಲುತ್ತದೆ, ಮೊದಲ ನೋಡ್ ಮಾತ್ರ ಎಂದಿಗೂ ಅಳಿಯುವುದಿಲ್ಲ. ಒಂದೊಂದೇ ಸಾಲು ‘ನೆಕ್ಸ್ಟ್’ ಒತ್ತಿ ನೋಡಲು ಬಾರದವನಿಗೆ ಅದು ಗೊತ್ತಾಗುವುದಾದರೂ ಹೇಗೆ?

ಎದ್ದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ, ನನ್ನದೂ ತಪ್ಪೇ. ಕಾಪು ದಾಟುವಾಗ ಅವನು ಸೇವ್ ಮಾಡಿ ಲ್ಯಾಪ್‌ಟಾಪ್ ಮುಚ್ಚಿದ, ಹನ್ನೊಂದು ‘ಬಂದೆ’ಗಳೂ ಒಳಗೇ. ತಮ್ಮಾ, ಇದು ನಿನ್ನ ಕಣ್ಣಿಗೆ ಬಿದ್ದರೆ: ಪ್ರೆವ್‌ಗೆ ಮೊದಲೇ ನಲ್ ಕೊಡು, ಅಳಿಸುವಾಗ ಅದು ನಲ್ ಆಗಿಯೇ ಉಳಿದಿದ್ದರೆ ಹೆಡ್ (ಪಟ್ಟಿಯ ಮೊದಲ ನೋಡಿನ ವಿಳಾಸ) ಅನ್ನು ಮುಂದಿನ ನೋಡಿಗೆ ಸರಿಸು, ಆಮೇಲೆ ಫ್ರೀ ಮಾಡು. ನಾಳೆ ಲ್ಯಾಬಿನ ಕಂಪ್ಯೂಟರಿನ ಸ್ಟ್ಯಾಕಿನಲ್ಲಿ ಬೇರೆಯೇ ಕಸ ಇರ್ತದೆ.