ಇದ್ದೇನೆ ಸಾರ್, ಹೆಸರು ತೆಗೆಯಬೇಡಿ

ಫೇಸ್‌ಬುಕ್‌ನ ಈ ಪ್ರಕಟಣೆಯನ್ನು ನೀವೂ ಓದಿರುತ್ತೀರಿ. ಓದಿಲ್ಲವೆಂದರೆ ನಿಮ್ಮ ಹೆಸರನ್ನು ಈಗಾಗಲೇ ತೆಗೆದುಹಾಕಿದ್ದಾರೆ ಎಂದೇ ಅರ್ಥ. ‘ನನ್ನ ಸ್ನೇಹಿತರ ಪಟ್ಟಿಯನ್ನು ಸ್ವಚ್ಛಗೊಳಿಸುತ್ತಿದ್ದೇನೆ. ಲೆಕ್ಕಕ್ಕೆ ಮಾತ್ರ ಇರುವವರು ನನಗೆ ಬೇಡ. ಉಳಿಯಲು ಇಚ್ಛಿಸುವವರು ಭಾನುವಾರ ರಾತ್ರಿಯೊಳಗೆ ಇಲ್ಲಿ ಒಂದು ಪದವನ್ನಾದರೂ ಬರೆಯತಕ್ಕದ್ದು. ಬರೆಯದವರನ್ನು ಯಾವುದೇ ಮುನ್ಸೂಚನೆಯಿಲ್ಲದೆ ಕೈಬಿಡಲಾಗುವುದು.’ ಕೆಳಗೆ ಒಂದು ಗುಲಾಬಿ ಹೂವು. ಹೂವು ಏಕೆಂದು ತಿಳಿಯಲಿಲ್ಲ. ವಿದ್ಯುತ್ ಕಡಿತದ ನೋಟಿಸಿನ ಕೆಳಗೆ ಯಾರೂ ಹೂವಿಟ್ಟಿದ್ದನ್ನು ನಾನು ಕಂಡಿಲ್ಲ.

ಬರೆದವರು ನಮ್ಮ ಕುವೆಂಪುನಗರದವರೇ, ಎರಡು ಅಡ್ಡರಸ್ತೆ ಆಚೆ ಇರುವ ನಿವೃತ್ತ ಅಧಿಕಾರಿಗಳು. ಫೇಸ್‌ಬುಕ್ ಒಬ್ಬ ಮನುಷ್ಯನಿಗೆ 5,000ಕ್ಕಿಂತ ಹೆಚ್ಚು ಸ್ನೇಹಿತರನ್ನು ಮಂಜೂರು ಮಾಡುವುದಿಲ್ಲ. ಇವರು ಆ ಗಡಿಯ ಹತ್ತಿರ ಬಂದು ನಿಂತಿದ್ದಾರೆ. ಹೊರಗೆ ಹೊಸಬರು ಕಾಯುತ್ತಿದ್ದಾರೆ, ಒಳಗೆ ಹಳಬರು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದಾರೆ. ಯಾರನ್ನಾದರೂ ಎಬ್ಬಿಸಲೇಬೇಕು. ಜಂಬೂಸವಾರಿಯ ಪಾಸು ಹಂಚುವವರಿಗೆ ವರ್ಷಕ್ಕೊಮ್ಮೆ ಬರುವ ಕಷ್ಟ ಇವರಿಗೆ ನಿತ್ಯ. ಇಂಥ ಒತ್ತಡದಲ್ಲೂ ನಮ್ಮಂಥ ಪಾಮರರಿಗೆ ಭಾನುವಾರದವರೆಗೆ ಕಾಲಾವಕಾಶ ಕೊಟ್ಟಿದ್ದಾರಲ್ಲ, ಅದು ಅವರ ದೊಡ್ಡ ಮನಸ್ಸು.

ಶನಿವಾರ ಬೆಳಿಗ್ಗೆ ನಂದಿನಿ ಹಾಲಿನ ಬೂತಿನಲ್ಲಿ ಅವರು ಸಿಕ್ಕರು. ನಾನು ನಕ್ಕೆ. ಅವರೂ ನಕ್ಕರು, ಗುರುತಿಲ್ಲದವರಿಗೆ ನಗುವ ನಗು. ‘ಐವತ್ತು ರೂಪಾಯಿಗೆ ಚಿಲ್ಲರೆ ಇದೆಯೇ ಯಜಮಾನರೇ?’ ಎಂದು ಕೇಳಿದರು. ಕೊಟ್ಟೆ. ಅರ್ಧ ಲೀಟರಿನ ನೀಲಿ ಪೊಟ್ಟಣ ಹಿಡಿದು ಹೊರಟರು. ಆರು ವರ್ಷಗಳಿಂದ ಈ ಮಹಾಶಯರ ಮೊಮ್ಮಗಳ ಭರತನಾಟ್ಯಕ್ಕೆ, ಮೊಣಕಾಲಿನ ಶಸ್ತ್ರಚಿಕಿತ್ಸೆಗೆ, ತಾರಸಿಯಲ್ಲಿ ನಡುರಾತ್ರಿ ಅರಳಿದ ಬ್ರಹ್ಮಕಮಲಕ್ಕೆ ತಪ್ಪದೆ ಹೆಬ್ಬೆಟ್ಟು ಒತ್ತಿದ್ದೇನೆ. ನನ್ನ ಹೆಬ್ಬೆಟ್ಟಿನ ಗುರುತಿದೆ, ಮುಖದ ಗುರುತಿಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಜನ ಹಾಜರಿ ಹಾಕಿದ್ದರು. ‘ಇದ್ದೇನೆ ಸಾರ್’, ‘ಸದಾ ನಿಮ್ಮೊಂದಿಗೆ’, ‘ದಯವಿಟ್ಟು ಹೆಸರು ತೆಗೆಯಬೇಡಿ’. ಒಬ್ಬ ಪುಣ್ಯಾತ್ಮ ಮೇಲಿನದೇನನ್ನೂ ಓದದೆ, ಹೂವನ್ನಷ್ಟೇ ನೋಡಿ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದಿದ್ದ. ಒಂದು ಪದವನ್ನಾದರೂ ಬರೆಯಬೇಕೆಂಬುದು ನಿಯಮ, ಅವನು ಎರಡು ಬರೆದಿದ್ದಾನೆ. ಆದ್ದರಿಂದ ಅವನು ಉಳಿದ.

ಪರಿಷ್ಕರಣೆ ನಮಗೆ ಹೊಸದಲ್ಲ ಎನ್ನಿ. ಮತದಾರರ ಪಟ್ಟಿಗೆ ಸೇರಲು ನಮೂನೆ 6, ಇನ್ನೊಬ್ಬರ ಹೆಸರಿಗೆ ಆಕ್ಷೇಪ ಎತ್ತಲು ನಮೂನೆ 7. ಅಲ್ಲಾದರೂ ಹೆಸರು ತೆಗೆಯುವ ಮುನ್ನ ನಮ್ಮ ಅಹವಾಲು ಕೇಳಬೇಕೆಂಬ ನಿಯಮವಿದೆ. ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಸಾಲಿನಲ್ಲಿ ಕೆಮ್ಮುತ್ತಾ ನಿಂತಿರುವುದು ಸಾಕ್ಷಿಯಾಗುವುದಿಲ್ಲ, ಕಾಗದ ಬೇಕು. ನಮ್ಮ ನಿವೃತ್ತರು ವರ್ಷಕ್ಕೊಮ್ಮೆ ಕೊಟ್ಟು ಕೊಟ್ಟು ಬೇಸತ್ತು, ಈಗ ತಾವೂ ಯಾರಿಂದಲಾದರೂ ಅದನ್ನು ಪಡೆಯೋಣವೆಂದು ಹೊರಟಿರಬೇಕು.

ಹೆಬ್ಬೆಟ್ಟು ಎಂದಾಗ ನೆನಪಾಯಿತು. ಪಾಂಡವಪುರದ ಕಡೆಯ ನಮ್ಮ ಊರಿನಲ್ಲಿ ದೊಡ್ಡಮ್ಮನನ್ನು ಪಡಿತರ ಚೀಟಿಯ ಇ-ಕೆವೈಸಿಗೆಂದು ನಾನೇ ಒಮ್ಮೆ ನ್ಯಾಯಬೆಲೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಯಂತ್ರದ ಮೇಲೆ ಬಲ ಹೆಬ್ಬೆಟ್ಟು ಇಟ್ಟರು. ಕೆಂಪು ದೀಪ. ಸೆರಗಿನಲ್ಲಿ ಒರೆಸಿ ಮತ್ತೆ ಇಟ್ಟರು. ಕೆಂಪು. ಎಡ ಹೆಬ್ಬೆಟ್ಟು, ತೋರುಬೆರಳು, ಉಂಗುರದ ಬೆರಳು, ಎಲ್ಲವೂ ಆಯಿತು. ‘ಅಜ್ಜಿಗೆ ಗೆರೆಯೇ ಇಲ್ಲ ಸ್ವಾಮಿ, ನಾಳೆ ಬನ್ನಿ’ ಎಂದರು ಅಂಗಡಿಯವರು. ಐವತ್ತು ವರ್ಷ ಗದ್ದೆಯಲ್ಲಿ ಕಳೆ ಕಿತ್ತು, ಕಬ್ಬಿನ ಸೋಗೆ ಎಳೆದು, ಹುಣಸೆಹಣ್ಣಿನಲ್ಲಿ ತಪ್ಪಲೆ ತಿಕ್ಕಿದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ನಾಳೆಯವರೆಗೆ ಆ ಬೆರಳಿನಲ್ಲಿ ಗೆರೆ ಮೂಡುತ್ತದೆಯೇ? ದೊಡ್ಡಮ್ಮ ಏನೂ ಅನ್ನಲಿಲ್ಲ. ತಪ್ಪು ತಮ್ಮದೇ ಎಂಬಂತೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಗೆ ಬಂದರು. ಅದನ್ನು ಕಂಡ ಮೇಲೆ, ‘ಇದ್ದೀರೆಂದು ಸಾಬೀತುಪಡಿಸಿ’ ಎಂದು ತಮಾಷೆಗೆ ಯಾರಾದರೂ ಹೇಳಿದರೂ ನನಗೆ ರೇಗುತ್ತದೆ. ಸರ್ಕಾರ ಕೇಳುತ್ತದೆ, ಬ್ಯಾಂಕು ಕೇಳುತ್ತದೆ, ಗ್ಯಾಸಿನವರು ಕೇಳುತ್ತಾರೆ. ಗೆಳೆಯನೂ ಕೇಳಬೇಕೇ? ಸಾಕಾಗಿದೆ ಸ್ವಾಮಿ.

ಇರಲಿ, ಹೊಗಳಿಕೆಗೆ ಮರಳೋಣ. ಪಟ್ಟಿಯನ್ನು ಕಿರಿದುಗೊಳಿಸುವುದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಬ್ರಿಟನ್ನಿನ ರಾಬಿನ್ ಡನ್ಬರ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ಕೋತಿಗಳ ಮೆದುಳಿನ ಗಾತ್ರವನ್ನೂ ಅವುಗಳ ಗುಂಪಿನ ಗಾತ್ರವನ್ನೂ ತಾಳೆ ನೋಡಿ, ಮನುಷ್ಯನೊಬ್ಬ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150 ಎಂದು ಲೆಕ್ಕ ಹೇಳಿದರು. ಡನ್ಬರ್ ಸಾಹೇಬರನ್ನು ಮಂಡ್ಯದ ಕಡೆಯ ಮದುವೆಗೆ ಯಾರೂ ಕರೆದಿರಲಿಲ್ಲವೆಂದು ಕಾಣುತ್ತದೆ. ನೂರೈವತ್ತು ಎಂದರೆ ನಮ್ಮಲ್ಲಿ ಚಪ್ಪರದ ದಿನ ತಿಂಡಿಗೆ ಉಳಿಯುವವರ ಸಂಖ್ಯೆ. ಲಗ್ನಪತ್ರಿಕೆ ಅಚ್ಚು ಹಾಕಿಸುವುದು ಸಾವಿರದ ಲೆಕ್ಕದಲ್ಲಿ. ಹಂಚಿ ಮುಗಿದ ಮೇಲೂ ‘ನನಗೆ ಪತ್ರಿಕೆ ಬರಲಿಲ್ಲ’ ಎಂದು ಹತ್ತು ವರ್ಷ ಮುನಿಸಿಕೊಂಡಿರುವವರು ಬೇರೆ.

ಅವರನ್ನೆಲ್ಲ ಹೇಗೆ ನಿಭಾಯಿಸುತ್ತಿದ್ದರು? ಮುಯ್ಯಿ ಪುಸ್ತಕದಿಂದ. ನಮ್ಮ ದೊಡ್ಡಪ್ಪನ ಕಾಲದ್ದೊಂದು ಇನ್ನೂ ಅಟ್ಟದ ಮೇಲಿದೆ. ಉದ್ದನೆಯ ಲೆಕ್ಕದ ಪುಸ್ತಕ, ನಾಲ್ಕು ಮೂಲೆಗೂ ಅರಿಶಿನ, ಮೊದಲ ಪುಟದಲ್ಲಿ ‘ಶ್ರೀ’. ಊರು, ಹೆಸರು, ಮೊತ್ತ. ಹನ್ನೊಂದು ರೂಪಾಯಿ, ಇಪ್ಪತ್ತೊಂದು ರೂಪಾಯಿ, ಒಂದು ಕಡೆ ‘ಒಂದು ಮೂಟೆ ಬತ್ತ, ಎರಡು ಬಾಳೆಗೊನೆ’. ಸ್ನೇಹಕ್ಕೆ ಲೆಕ್ಕವಿಡಬಾರದೆಂದು ಕವಿಗಳು ಹೇಳಬಹುದು, ನಮ್ಮವರು ಪೈಸೆ ಪೈಸೆಗೂ ಇಟ್ಟಿದ್ದರು. ಅವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಅವರು ಬರೆಸಿದ್ದಕ್ಕೆ ಸ್ವಲ್ಪ ಸೇರಿಸಿ ಬರೆಸುತ್ತಿದ್ದರು. ಈ ಸ್ವಲ್ಪ ಸೇರಿಸುವುದರಲ್ಲೇ ಗುಟ್ಟು ಇರುವುದು. ಲೆಕ್ಕ ಎಂದೂ ಚುಕ್ತಾ ಆಗುವುದಿಲ್ಲ. ಯಾರಾದರೊಬ್ಬರು ಸದಾ ಬಾಕಿ. ಇಪ್ಪತ್ತು ವರ್ಷ ಆ ಮನೆಯಲ್ಲಿ ಶುಭಕಾರ್ಯವೇ ಆಗದಿದ್ದರೂ ಸಾಲು ಹಾಗೆಯೇ ಇರುತ್ತಿತ್ತು. ಮನುಷ್ಯ ಸತ್ತರೆ ಮಗ ತೀರಿಸುತ್ತಿದ್ದ. ಇಡೀ ಪುಸ್ತಕ ತಿರುವಿ ನೋಡಿದ್ದೇನೆ, ಹೆಸರು ಹೊಡೆದುಹಾಕಿದ ಒಂದು ಗೆರೆ ಸಿಗಲಿಲ್ಲ. ಗೆದ್ದಲು ತಿಂದ ಜಾಗಗಳಿವೆ, ಅದು ಬೇರೆ ಮಾತು.

ಅಮೆರಿಕದ ಆಕ್ಸ್‌ಫರ್ಡ್ ನಿಘಂಟಿನವರು 2009ರಲ್ಲಿ ‘ಅನ್‌ಫ್ರೆಂಡ್’ ಎಂಬುದನ್ನು ವರ್ಷದ ಪದವೆಂದು ಆರಿಸಿದರು. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ನನಗೆ ಇನ್ನೂ ಸಿಕ್ಕಿಲ್ಲ. ‘ಮಾತು ಬಿಟ್ಟಿದ್ದಾರೆ’ ಎನ್ನುತ್ತೇವೆ, ಬಿಟ್ಟದ್ದನ್ನು ಮತ್ತೆ ಹಿಡಿಯಬಹುದು. ಮಕ್ಕಳು ‘ಟೂ’ ಬಿಡುತ್ತವೆ, ಅದರ ಆಯಸ್ಸು ಹೆಚ್ಚೆಂದರೆ ಸಂಜೆಯ ಆಟದವರೆಗೆ.

ಶ್ರೀರಂಗಪಟ್ಟಣದಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬನಿದ್ದಾನೆ. ಫೇಸ್‌ಬುಕ್‌ನಲ್ಲಿ ಅವನು ಮಾಡುವುದು ಒಂದೇ ಕೆಲಸ. ಜೂನ್ ಬಂತೆಂದರೆ ದಿನವೂ ಬೆಳಿಗ್ಗೆ ಏಳಕ್ಕೆ ಕನ್ನಂಬಾಡಿ ಅಣೆಕಟ್ಟೆಯ ಲೆಕ್ಕ ಹಾಕುತ್ತಾನೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಒಂದು ಅಕ್ಷರ ಹೆಚ್ಚಿಲ್ಲ. ಹೊರಹರಿವು ಏರಿದ ದಿನ ಮಾತ್ರ ‘ರಂಗನತಿಟ್ಟಿನಲ್ಲಿ ದೋಣಿ ಇಲ್ಲ’ ಎಂದು ಸೇರಿಸುತ್ತಾನೆ. ನಾನು ಅವನಿಗೆ ಏನೂ ಬರೆಯುವುದಿಲ್ಲ, ಅವನು ನನಗೆ ಏನೂ ಬರೆಯುವುದಿಲ್ಲ. ನಮ್ಮ ನಿವೃತ್ತರ ನಿಯಮ ಅನ್ವಯಿಸಿದರೆ ಇಬ್ಬರೂ ಮೊದಲ ದಿನವೇ ವಜಾ. ಆದರೆ ಅವನ ಲೆಕ್ಕ ನೋಡದೆ ನಾನು ಕಾಫಿಗೆ ಕೂರುವುದಿಲ್ಲ. ಕಳೆದ ವರ್ಷ ಎರಡು ದಿನ ಹಾಕಲಿಲ್ಲವೆಂದು ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬಂದೆ. ಮೊಬೈಲ್ ದುರಸ್ತಿಗೆ ಕೊಟ್ಟಿದ್ದ, ಅಷ್ಟೆ.

ಪಟ್ಟಿ ಶುದ್ಧೀಕರಣದ ಮಾತು ಬಂದರೆ ಮಂಡ್ಯದವರಿಗೆ ಪಾಠ ಹೇಳಬೇಕಾಗಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಇಡೀ ಜಿಲ್ಲೆ ಅದನ್ನು ಮಾಡಿ ಮುಗಿಸಿದೆ. ಒಂದು ಕಡೆ ಪಕ್ಷೇತರರಾಗಿ ಸುಮಲತಾ ಅಂಬರೀಶ್, ಗುರುತು ಕಹಳೆ ಊದುವ ರೈತ. ಇನ್ನೊಂದು ಕಡೆ ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ, ಗುರುತು ತೆನೆ ಹೊತ್ತ ಮಹಿಳೆ. ‘ಎಲ್ಲಿದ್ದೀಯಪ್ಪ’, ‘ಜೋಡೆತ್ತು’ ಎಂಬ ಪ್ರಚಾರಕಾಲದ ಎರಡು ಮಾತುಗಳಿಂದ ಎಷ್ಟು ಬಾಂಧವ್ಯಗಳು ಮುರಿದವೆಂದು ನಿಮಗೂ ಗೊತ್ತು. ದೊಡ್ಡಮ್ಮನ ಇಬ್ಬರು ಮಕ್ಕಳಲ್ಲಿ ಹಿರಿಯವನು ತೆನೆ, ಕಿರಿಯವನು ಕಹಳೆ. ಮನೆ ಪಾಲಾದಾಗಲೂ ಮಾತು ಬಿಡದವರು ಏಪ್ರಿಲ್ 18ರ ಮತದಾನದ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡಿದ್ದರು. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾಲೆಯ ನೀರಿನ ಸರದಿ ಯಾರದೆಂಬುದನ್ನು ಓರಗಿತ್ತಿಯರು ಹಿತ್ತಲಿನಲ್ಲಿ ಮಾತನಾಡಿಕೊಂಡು ಗಂಡಂದಿರಿಗೆ ತಿಳಿಸುತ್ತಿದ್ದರು. ಮೈಸೂರಿನಲ್ಲಿ ಕುಳಿತ ನಾನು ವಿದ್ಯಾವಂತನಾದ್ದರಿಂದ, ಇಬ್ಬರಿಗೂ ಪ್ರಜಾಪ್ರಭುತ್ವದ ಬಗ್ಗೆ ದಿನಕ್ಕೆರಡು ಉದ್ದುದ್ದ ಸಂದೇಶ ಕಳುಹಿಸುತ್ತಿದ್ದೆ.

ಸುಮಲತಾ ಒಂದು ಲಕ್ಷ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆಮೇಲೆ? 2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿಯ ಮೈತ್ರಿಕೂಟ ಸೇರಿತು. 2024ರ ಏಪ್ರಿಲ್‌ನಲ್ಲಿ ಸುಮಲತಾ ಬಿಜೆಪಿ ಸೇರಿದರು. ಮಂಡ್ಯದಿಂದ ನಿಖಿಲ್ ಅವರ ತಂದೆ ಕುಮಾರಸ್ವಾಮಿ ನಿಂತು ಗೆದ್ದು ಕೇಂದ್ರ ಸಚಿವರಾದರು. ಕಹಳೆಯೂ ತೆನೆಯೂ ಒಂದೇ ಪಾಳಯಕ್ಕೆ ಬಂದವು. ನಾಯಕರಿಗೆ ಯಾವ ಸೆಟ್ಟಿಂಗ್ ಬದಲಿಸುವ ಅಗತ್ಯವೂ ಬೀಳಲಿಲ್ಲ. ಅವರು ಬ್ಲಾಕ್ ಮಾಡಿಕೊಂಡಿದ್ದರೆ ತಾನೇ ತೆಗೆಯುವುದು? ಬ್ಲಾಕ್ ಮಾಡಿಕೊಂಡವರು ನಾವು. ಯಾರದೋ ಚುನಾವಣೆಗೆ ನಮ್ಮ ಅಣ್ಣತಮ್ಮಂದಿರನ್ನು ಖರ್ಚು ಮಾಡಿ ಕುಳಿತವರು ನಾವು.

ಕಳೆದ ಮಾಘದಲ್ಲಿ ದೊಡ್ಡಮ್ಮ ತೀರಿಕೊಂಡರು. ಹನ್ನೊಂದನೇ ದಿನದ ತಿಥಿ ಊಟಕ್ಕೆ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು, ನಾನು ಕಿರಿಯವನ ಪಕ್ಕದಲ್ಲಿ. ಹಿರಿಯವನು ತನ್ನ ಎಲೆಯ ಮುದ್ದೆಯಲ್ಲಿ ಅರ್ಧ ಮುರಿದು, ಕೇಳದೆ, ತಮ್ಮನ ಎಲೆಗೆ ಹಾಕಿದ. ಇವನು ಬೇಡವೆನ್ನಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಕೈ ತೊಳೆಯಲು ಎದ್ದಾಗ ನಾನು ಕೇಳಿದೆ, ‘ಇನ್ನೂ ಏಕಪ್ಪ ಆ ಬ್ಲಾಕ್?’

‘ತೆಗೆಯುವುದು ಹೇಗೆಂದು ಗೊತ್ತಿಲ್ಲ ಅಣ್ಣ. ಆವತ್ತು ಮಾಡಿಕೊಟ್ಟಿದ್ದೇ ಅವನ ಮಗ. ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಕೇಳೋಣವೆಂದುಕೊಳ್ಳುತ್ತೇನೆ, ಮರೆತುಹೋಗುತ್ತದೆ.’

ಕೊಡು ಇಲ್ಲಿ ಎಂದು ಅವನ ಮೊಬೈಲ್ ತೆಗೆದುಕೊಂಡೆ. ಅಂದಹಾಗೆ, ಇವನಿಗೆ ನಾನು ಕಳುಹಿಸುವ ಯುಗಾದಿ ಶುಭಾಶಯಕ್ಕೂ ದೀಪಾವಳಿ ಶುಭಾಶಯಕ್ಕೂ ವರ್ಷಗಳಿಂದ ಒಂದೇ ಟಿಕ್. ಊರಿನಲ್ಲಿ ಸಿಗ್ನಲ್ ಸರಿಯಿಲ್ಲವೆಂದು ತಿಳಿದಿದ್ದೆ. ಕನ್ನಡಕ ಏರಿಸಿಕೊಂಡು, ಹುಡುಕಿ ಹುಡುಕಿ, ಬ್ಲಾಕ್ ಮಾಡಿದವರ ಪಟ್ಟಿ ತೆರೆದೆ. ಇದ್ದದ್ದು ಎರಡೇ ಹೆಸರು. ಒಂದು ಅವನ ಅಣ್ಣನದು.

ಇನ್ನೊಂದರ ಮುಂದೆ ‘ಮೈಸೂರು ಅಣ್ಣ’ ಎಂದಿತ್ತು.